ಜ್ವರದ ಹುಳುಗಳಿಗೆ ಸೊಪ್ಪು ಹಾಕಿದವನು

ನಮ್ಮ ಜಿಲ್ಲೆಯಲ್ಲಿ ಆಗ ಕುಡಿತವೇ ಇರಲಿಲ್ಲ. ಹಾಗೆಂದು ಕಾಯಿದೆ ಹೇಳುತ್ತಿತ್ತು. ಆ ಪಾನನಿರೋಧದ ಕಾಯಿದೆಯ ಕೆಳಗೆ ನಾನು ಒಂಬತ್ತು ವರ್ಷ ಕುಡಿದೆ. ನನ್ನಿಂದ ಕಾಯಿದೆಗೆ ತೊಂದರೆಯಾಗಲಿಲ್ಲ, ಕಾಯಿದೆಯಿಂದ ನನಗೂ ಆಗಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಜಂಗಮಕೋಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನಲ್ಲೇ ನಾನು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆ. ಬಾವಿಯ ಕೆಳಗೆ ಒಂದಿಷ್ಟು ಹಿಪ್ಪುನೇರಳೆ ತೋಟ. ಮನೆಯ ನಡುಕೋಣೆಯಲ್ಲಿ ರೇಷ್ಮೆ ಹುಳು. ಸಂಬಳ ನನ್ನದು, ಹುಳು ನನ್ನ ಹೆಂಡತಿಯದು. ಅವಳು ಸಾದಲಿಯ ಕಡೆಯವಳು. ನಡೆಯಲು ಕಲಿಯುವುದಕ್ಕೆ ಮುಂಚೆಯೇ ಹುಳುವಿನ ತಟ್ಟೆಗಳ ನಡುವೆ ತೆವಳಿದವಳು ಎಂದು ಅವಳ ತಾಯಿ ಹೇಳುತ್ತಿದ್ದರು.

ಸಾರಾಯಿ ಗುಡ್ಡಗಳ ಕಡೆಯಿಂದ ಬರುತ್ತಿತ್ತು. ಬೆಲ್ಲ ಮತ್ತು ಜಾಲಿಯ ಚಕ್ಕೆಯಿಂದ ಇಳಿಸಿದ ಕಳ್ಳಭಟ್ಟಿ. ಗಾಡಿಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆಯೊಳಗೆ ಅದು ಊರು ಸೇರುತ್ತಿತ್ತು. ಸೊಪ್ಪು ಹುಳುವಿಗೆ, ಒಳಗಿದ್ದದ್ದು ನಮಗೆ.

ಊರಿಗೊಂದು ಪಾನನಿರೋಧ ಸಮಿತಿ ಇರಬೇಕೆಂದು ಮೇಲಿನಿಂದ ಅಪ್ಪಣೆಯಾದಾಗ ನಮ್ಮಲ್ಲೂ ಒಂದನ್ನು ಮಾಡಿದರು. ಅದರ ಅಧ್ಯಕ್ಷರು ಊರಿನ ದೊಡ್ಡ ಜಮೀನುದಾರರು. ಅವರಿಗೆ ಕುಡಿಯುವ ಚಾಳಿ ಇರಲಿಲ್ಲ. ಅಜೀರ್ಣವಿತ್ತು. ಕಾಯಿದೆ ಬಂದ ವರ್ಷದಿಂದಲೇ ಶುರುವಾದ ಆ ಅಜೀರ್ಣಕ್ಕೆ ಅವರು ದ್ರಾಕ್ಷಿಯನ್ನು ಹುಳಿಸಿ ಮಾಡುವ ದ್ರಾಕ್ಷಾರಿಷ್ಟವೆಂಬ ಔಷಧವನ್ನು ಸೀಸೆಗಟ್ಟಲೆ ತರಿಸುತ್ತಿದ್ದರು. ನನ್ನ ಅಕ್ಷರ ದುಂಡಗಿದೆಯೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಈ ದುಂಡಕ್ಷರದ ವಿಷಯವನ್ನು ಇದ್ದ ಹಾಗೆಯೇ ಹೇಳಬೇಕು. ಬೆಳಿಗ್ಗೆ ಎದ್ದರೆ ನನ್ನ ಕೈ ನಡುಗುತ್ತಿತ್ತು. ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಹುಡುಗಿಯರನ್ನು ಕರೆಯುತ್ತಿದ್ದೆ. ಮಕ್ಕಳಿಗೆ ಅಭ್ಯಾಸವಾಗಲಿ ಎಂದು ಎಲ್ಲರಿಗೂ ಹೇಳಿದ್ದೆ. ಒಂದು ಲೋಟ ಒಳಗೆ ಹೋದ ಮೇಲೆ ನಡುಕ ನಿಲ್ಲುತ್ತಿತ್ತು. ಆದ್ದರಿಂದ ಪಾನನಿರೋಧ ಸಮಿತಿಯ ನಡವಳಿಯನ್ನು ದುಂಡಗೆ ಬರೆಯಬೇಕಾದರೆ ನಾನು ಕುಡಿದೇ ಬರೆಯಬೇಕಾಗಿತ್ತು. ಆ ಪುಸ್ತಕದಲ್ಲಿ ಅಳುಕಿದ ಅಕ್ಷರ ಒಂದೂ ಇಲ್ಲ.

ಇನ್ನು ಆ ಭಾನುವಾರದ ವಿಷಯ.

ರೇಷ್ಮೆ ಹುಳು ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರದಲ್ಲಿರುವ ಹುಳು ತಿನ್ನುವುದಿಲ್ಲ. ತಲೆಯನ್ನು ಸ್ವಲ್ಪ ಮೇಲೆತ್ತಿಕೊಂಡು ಅಲುಗದೆ ಕೂತಿರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಗಾಳಿ ಹೆಚ್ಚು ಆಡಿಸಬಾರದು. ಜ್ವರ ಬಿಟ್ಟು ಎಲ್ಲವೂ ಎದ್ದ ಮೇಲೆಯೇ ಸೊಪ್ಪು. ಇದು ನಮ್ಮ ಕಡೆಯ ಐದು ವರ್ಷದ ಮಗುವಿಗೂ ಗೊತ್ತು. ನಾನು ಇದನ್ನು ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ಹೆಂಡತಿ ತೋಟಕ್ಕೆ ಹೋಗಿದ್ದಳು. ನಾನು ಕುಡಿದು ಮನೆಗೆ ಬಂದೆ. ಹುಳುವಿನ ಕೋಣೆಗೆ ಇಣುಕಿದೆ. ನಾಲ್ಕನೇ ಜ್ವರ. ಸಾವಿರಾರು ಹುಳುಗಳು ತಲೆಯೆತ್ತಿ ನನ್ನನ್ನೇ ನೋಡುತ್ತಿವೆ ಎನ್ನಿಸಿತು. ಪಾಪ, ಹಸಿದು ಕೂತಿವೆ, ಇವುಗಳ ಬಗ್ಗೆ ಈ ಮನೆಯಲ್ಲಿ ಯಾರಿಗೂ ಕರುಣೆಯಿಲ್ಲ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ತೊಟ್ಟಿಯ ಪಕ್ಕ ನೀರು ಚಿಮುಕಿಸಿ ಇಟ್ಟಿದ್ದ ಸೊಪ್ಪನ್ನೆಲ್ಲ ತಬ್ಬಿ ತಂದು ಒಂದು ತಟ್ಟೆಯನ್ನೂ ಬಿಡದೆ ಹೊದಿಸಿದೆ. ಒಂದೊಂದು ತಟ್ಟೆಗೂ ನಾಲ್ಕು ಮಾತು ಹೇಳಿದ ನೆನಪು. ಕೊನೆಗೆ ತಟ್ಟೆಗಳ ಅಟ್ಟಣೆಗೆ ಒರಗಿದೆ. ಇರುವೆ ಹತ್ತದಿರಲೆಂದು ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿರುತ್ತಾರೆ. ನನ್ನ ಭಾರಕ್ಕೆ ಒಂದು ಕಾಲು ಬಟ್ಟಲಿನಿಂದ ಆಚೆ ಬಂತು. ನಾನು ಅಲ್ಲೇ ನಿದ್ದೆ ಹೋದೆ.

ಇರುವೆ ಕೆಲವನ್ನು ತಿಂದವು. ಉಳಿದವು ಒದ್ದೆ ಸೊಪ್ಪಿನ ಕೆಳಗೆ ಜ್ವರ ಬಿಡಲಾರದೆ ಸತ್ತವು, ಬಿಟ್ಟವೂ ಊದಿ ಹಳದಿಯಾಗಿ ಹಾಲುತೊಂಡೆ ರೋಗ ಬಂದು ಸತ್ತವು. ರೋಗ ನನ್ನಿಂದಲೇ ಬಂತೆಂದು ಖಂಡಿತವಾಗಿ ಹೇಳಲಾರೆ. ಬಾರದೆಯೂ ಇರಬಹುದಿತ್ತು ಎಂದೂ ಹೇಳಲಾರೆ. ನನ್ನ ಹೆಂಡತಿ ತಿಪ್ಪೆಯ ಪಕ್ಕ ಗುಂಡಿ ತೋಡಿ ಒಂದೊಂದೇ ತಟ್ಟೆಯನ್ನು ತಂದು ಅದರಲ್ಲಿ ಬಗ್ಗಿಸಿದಳು. ಕೋಣೆಯನ್ನು ಸಾರಿಸಿ, ಸುಣ್ಣ ಬಳಿದು, ಮುಂದಿನ ಬೆಳೆಯ ಮೊಟ್ಟೆ ತಂದ ದಿನ ನನಗೆ ಒಂದೇ ಮಾತು ಹೇಳಿದಳು.

"ಮನೇಲಿ ಹುಳ ಇರೋವರ್ಗೂ ನೀವು ಈ ಹೊಸ್ಲು ದಾಟೋ ಹಾಗಿಲ್ಲ."

ನಮ್ಮ ಕಡೆ ವರ್ಷಕ್ಕೆ ಐದು ಬೆಳೆ. ಮನೆಯಲ್ಲಿ ಹುಳು ಇಲ್ಲದ ದಿನಗಳು ಬೆರಳೆಣಿಕೆ. ಅಂದರೆ ನನ್ನ ಸಂಸಾರ ಹೊರಗಿನ ಜಗಲಿಗೆ ಬಂತು. ಊಟದ ತಟ್ಟೆ ಅಲ್ಲಿಗೇ. ಹಾಸಿಗೆ ಅಲ್ಲಿಗೇ. ಹುಳುಮನೆಗೆ ಸಾರಾಯಿಯ ವಾಸನೆ ಆಗದು ಎನ್ನುವುದು ಊರಿನ ಎಲ್ಲ ಹೆಂಗಸರೂ ಒಪ್ಪಿದ ಮಾತಾದ್ದರಿಂದ ನನ್ನ ಪರವಾಗಿ ಯಾರೂ ಮಾತಾಡಲಿಲ್ಲ. ಅಗತ್ಯವಿದ್ದು ಬಾಗಿಲಿಗೆ ಹೋದರೆ ಅವಳು ಹೊಸ್ತಿಲಿನ ಆ ಕಡೆ ನಿಂತು, "ಉಸಿರು ಬಿಡಿ" ಎನ್ನುತ್ತಿದ್ದಳು. ನಾನು ಉಸಿರು ಬಿಡುತ್ತಿದ್ದೆ. ಅವಳು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಎದುರು ಮನೆಯ ಜಗಲಿಯಲ್ಲಿ ನನಗಿಂತ ಹಳೆಯ ನಿವಾಸಿಗಳು ಮೂವರಿದ್ದರು. ಮನೆ ನನ್ನ ದೊಡ್ಡಪ್ಪನದು. ಅರವತ್ತು ದಾಟಿದ ಮನುಷ್ಯ, ಸೊಸೆ ಅವರನ್ನು ಅವರ ಮನೆಯಿಂದಲೇ ಆಚೆ ಹಾಕಿದ್ದಳು. ಎರಡನೆಯವನು ರಿಟೈರಾದ ಪೋಲೀಸ್ ಪೇದೆ. ಪಾನನಿರೋಧದ ಕೆಲಸದಲ್ಲಿ ವರ್ಷಗಟ್ಟಲೆ ಜನರ ಬಾಯಿ ಮೂಸಿದವನು. ಮೂಸುವುದರ ಜೊತೆಗೆ ಹಿಡಿದ ಸಾರಾಯಿಯನ್ನು ನಾಶ ಮಾಡುವ ಹೊಣೆ ಅವನ ಮೇಲಿತ್ತು, ಅದನ್ನು ತನ್ನ ದೇಹದಿಂದಲೇ ನಿರ್ವಹಿಸಿದ್ದ. ಮೂರನೆಯವನು ರೇಷ್ಮೆಗೂಡಿನ ಮೂಟೆಗಳನ್ನು ಶಿಡ್ಲಘಟ್ಟಕ್ಕೆ ಹೊಡೆಯುವ ಗಾಡಿಯವನು. ಅವನ ಎತ್ತುಗಳಿಗೆ ಮನೆಯ ದಾರಿ ಅವನಿಗಿಂತ ಚೆನ್ನಾಗಿ ಗೊತ್ತಿತ್ತು.

ಮೊದಲ ದಿನ ನಾನು ಕಂಬಳಿ ಹಿಡಿದು ನಿಂತಿದ್ದಾಗ ದೊಡ್ಡಪ್ಪ ಆ ಕಡೆಯಿಂದ ಕರೆದರು. "ಏನಪ್ಪಾ, ನಿನ್ನೂ ಆಚೆಗೆ ಹಾಕಿದ್ರಾ? ರಾಪ್ಪಾ, ಕೂರ್ಚೋ. ಜಾಗ ಬೇಕಾದಷ್ಟು ಅದೆ." ಅವರಿಗೆ ಪ್ರೀತಿ ಬಂದಾಗಲೂ ಸಿಟ್ಟು ಬಂದಾಗಲೂ ತೆಲುಗು ಬರುತ್ತಿತ್ತು.

ನಾವು ಕುಡಿತ ಬಿಡಲೆಂದು ಸೇರಿದವರಲ್ಲ. ಹೋಗಲು ಬೇರೆ ಕಡೆಯಿಲ್ಲದೆ ಸೇರಿದವರು. ಒಂದು ಸಂಜೆ ಗಾಡಿಯವನು ತಾನು ಈ ದಿನ ಕುಡಿದಿಲ್ಲ ಎಂದ. ನಾವು ನಕ್ಕೆವು. ಅವನಿಗೆ ನಿಜವಾಗಿ ನೋವಾಯಿತು. ಪೇದೆ ಎದ್ದು, ಹಳೆಯ ಕ್ರಮದಂತೆ ಅವನ ಗಲ್ಲ ಹಿಡಿದು, ಮೂಗು ಹತ್ತಿರ ತಂದು ನೋಡಿ, ನಿಜ ಎಂದು ತೀರ್ಪು ಕೊಟ್ಟ. ನಾವು ಗಾಡಿಯವನನ್ನು ಸಾವಾದ ಮನೆಯವನನ್ನು ನೋಡುವಂತೆ ನೋಡಿದೆವು. ಹೇಗಿದ್ದೀಯ ಎಂದು ಕೇಳಿದೆವು. ಕೈ ನಡುಗುತ್ತದೆ, ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗಿದೆ, ಎತ್ತುಗಳು ಮಾತಾಡುತ್ತವೆ ಎನ್ನಿಸುತ್ತದೆ ಎಂದ. ನನ್ನ ಕೈಯೂ ನಡುಗುತ್ತದೆ ಎಂದು ನಾನು ಹೇಳಿದೆ. ಇದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಮರುದಿನವೂ ಗಾಡಿಯವನು ಪೇದೆಯ ಮೂಗಿಗೆ ಬಾಯಿ ಒಡ್ಡಿದ. ಪೇದೆಯ ಬಾಯನ್ನು ಮೂಸುವವರು ಯಾರೆಂಬ ಪ್ರಶ್ನೆ ಎದ್ದು, ದೊಡ್ಡಪ್ಪ ಮೂಸಿದರು. ಹೀಗೆ ಅದು ಪದ್ಧತಿಯಾಯಿತು. ದೀಪ ಹಚ್ಚುವ ಹೊತ್ತಿಗೆ ನಾಲ್ವರೂ ಸಾಲಾಗಿ ಕೂತು, ಪ್ರತಿಯೊಬ್ಬನೂ ಪಕ್ಕದವನ ಬಾಯಿ ಮೂಸುವುದು. ನೀರಿಗೆ ಹೋಗುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಊರಿನಲ್ಲಿ ನಮಗೆ ಮೂಸೋ ಸಂಘ ಎಂದು ಹೆಸರಾಯಿತು.

ಆಣೆ ಇಡಬಾರದು ಎಂದು ದೊಡ್ಡಪ್ಪ ಮೊದಲೇ ಹೇಳಿಬಿಟ್ಟರು. ಊರಿನ ಯಾವ ದೇವರ ಮುಂದೆಯೂ ನಾವು ಇಡದ ಆಣೆ ಉಳಿದಿರಲಿಲ್ಲ. ನಮ್ಮ ಆಣೆ ಕೇಳುವ ಹೊತ್ತಿಗೆ ದೇವರುಗಳೂ ಬೇರೆ ಕಡೆ ನೋಡುತ್ತಿದ್ದವು. ಉಸಿರು ಸಾಕು. ಉಸಿರಿನಲ್ಲಿ ಮೋಸ ನಡೆಯುತ್ತಿರಲಿಲ್ಲ. ಸೀಬೆ ಎಲೆ ಅಗಿಯುವುದು, ಏಲಕ್ಕಿ, ಹಸಿ ಈರುಳ್ಳಿ, ಹುರಿದ ಕಡಲೆಕಾಯಿ, ಸೀಮೆಎಣ್ಣೆಯ ಒಂದು ಹನಿ ಅಂಗಿಗೆ ತಾಗಿಸಿ ಮೂಗನ್ನು ದಾರಿ ತಪ್ಪಿಸುವುದು, ಇವೆಲ್ಲವನ್ನೂ ನಾವೇ ಕಂಡುಹಿಡಿದವರು. ಹೆಂಡತಿಯನ್ನು ವಂಚಿಸಿದವನು ಅದೇ ವಿದ್ಯೆಯಲ್ಲಿ ಪಳಗಿದ ಮೂವರನ್ನು ವಂಚಿಸಲಾರ.

ಆಸೆ ಕೆರಳಿದಾಗ ಏನು ಮಾಡಬೇಕೆನ್ನುವುದನ್ನೂ ದೊಡ್ಡಪ್ಪನೇ ಹೇಳಿದರು. "ಹುಳ ಜ್ವರದಲ್ಲಿ ಏನು ಮಾಡ್ತದೆ? ತಲೆ ಎತ್ಕೊಂಡು ಸುಮ್ನೆ ಕೂತಿರ್ತದೆ. ನೀನೂ ಹಂಗೇ ಕೂರು. ನಾವು ಪಕ್ದಲ್ಲಿ ಇರ್ತೀವಿ, ಮುಟ್ಟಲ್ಲ." ಜ್ವರದ ಹುಳುಗಳ ವಿಷಯ ನನ್ನ ಮುಂದೆ ಎತ್ತಿದವರು ಆ ವರ್ಷ ಅವರೊಬ್ಬರೇ. ಅವರು ನಗಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಬ್ಬನಿಗೆ ತಡೆಯಲಾಗದೆ ಹೋದರೆ ಜ್ವರ ಬಂತು ಎನ್ನುತ್ತಿದ್ದ. ಉಳಿದವರು ಇದ್ದ ಕೆಲಸ ಬಿಟ್ಟು ಬಂದು ಅವನ ಪಕ್ಕ ಕೂರುತ್ತಿದ್ದರು. ಉಪದೇಶವಿಲ್ಲ. ಗಾಡಿಯವನು ಶಿಡ್ಲಘಟ್ಟಕ್ಕೆ ಹೋಗುವಾಗ ದಾರಿಯಲ್ಲಿ ಒಂದು ಹುಣಸೆಮರವಿತ್ತು, ಅದರ ಹಿಂದೆ ಕುಡಿಯಲು ಅವನು ಯಾವಾಗಲೂ ಇಳಿಯುತ್ತಿದ್ದ. ದೊಡ್ಡಪ್ಪ ಗೂಡಿನ ಮೂಟೆಯ ಮೇಲೆ ಕೂತು ಅವನ ಜೊತೆ ಆ ಮರ ದಾಟುವವರೆಗೆ ಹೋಗಿ, ಅಲ್ಲಿಂದ ನಡೆದು ವಾಪಸು ಬರುತ್ತಿದ್ದರು. ನನಗೆ ಜ್ವರ ಬರುತ್ತಿದ್ದದ್ದು ಶಾಲೆಯ ಹೊತ್ತಿನಲ್ಲಿ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಪೇದೆ ಬಂದು ಮೂರನೇ ತರಗತಿಯ ಹಿಂದಿನ ಸಾಲಿನಲ್ಲಿ ಮೀಸೆ ತಿರುವಿಕೊಂಡು ಕೂರುತ್ತಿದ್ದ. ಅವನು ಬಂದದ್ದು ನನ್ನನ್ನು ಕಾಯಲು ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಆ ವರ್ಷ ನಮ್ಮ ಮೂರನೇ ತರಗತಿಯ ಶಿಸ್ತನ್ನು ಶಾಲಾ ಇನ್‌ಸ್ಪೆಕ್ಟರು ಬರವಣಿಗೆಯಲ್ಲಿ ಮೆಚ್ಚಿಕೊಂಡರು.

ದಿನಗಳನ್ನು ನಾವು ಲೆಕ್ಕ ಹಾಕಲಿಲ್ಲ. ಮನೆಯೊಳಗಿನ ಹುಳುವಿನ ಜೊತೆ ನಡೆದೆವು. ಒಂದನೇ ಜ್ವರ ದಾಟಿದೆ, ಎರಡನೇದು ದಾಟಿದೆ ಎಂದು. ಜಗಲಿಯಲ್ಲಿ ಕೂತರೆ ಒಳಗೆ ಹುಳು ಸೊಪ್ಪು ಕಡಿಯುವ ಸದ್ದು ಕೇಳುತ್ತಿತ್ತು. ಸದ್ದು ನಿಂತರೆ ಜ್ವರ ಎಂದು ಅರ್ಥ. ಆಗ ನಾನೂ ಕೊಂಚ ನೆಟ್ಟಗೆ ಕೂರುತ್ತಿದ್ದೆ.

ಒಂದು ಬೆಳೆ ಹೀಗೆ ಹೋಯಿತು. ಎರಡನೆಯದರ ನಡುವೆ, ಮರಿ ಹುಳುಗಳಿಗೆ ಸೊಪ್ಪು ಸಣ್ಣಗೆ ಕೊಚ್ಚುವ ಕತ್ತಿಯನ್ನೂ ಮಣೆಯನ್ನೂ ಹೆಂಡತಿ ಹೊಸ್ತಿಲಿನಿಂದ ಈಚೆಗೆ ತಳ್ಳಿದಳು. ನನ್ನ ಕೈಯ ನಡುಕ ನಿಂತದ್ದನ್ನು ನೋಡಿದ್ದಳು. ನಾನು ಕೊಚ್ಚಿದೆ. ಅವಳು ಬೆರಳಿನಿಂದ ಕೆದಕಿ ನೋಡಿ, ಒಂದಷ್ಟನ್ನು ಮತ್ತೆ ಕೊಚ್ಚಲು ಕೊಟ್ಟಳು. ಮೂರನೇ ಬೆಳೆಯಲ್ಲಿ ನಾಲ್ಕನೇ ಜ್ವರ ಬಿಟ್ಟ ದಿನ, ಊಟದ ತಟ್ಟೆ ಇಡುತ್ತಾ, ಬೇರೆ ಕಡೆ ನೋಡಿಕೊಂಡು, ಈ ಸಲ ಹಣ್ಣಾದಾಗ ನೀವೂ ಒಳಗೆ ಬಂದು ಹುಳ ಆರಿಸಿ ಎಂದಳು.

ಹಣ್ಣಾಗುವುದೆಂದರೆ ಹುಳು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುತ್ತಿರುವ ಗೂಡು ಕಟ್ಟುವ ಮನೆ. ಎಲ್ಲವೂ ಅರ್ಧ ದಿನದೊಳಗೆ ಆಗಬೇಕು. ತಡವಾದರೆ ಹುಳು ತಟ್ಟೆಯ ಮೂಲೆಯಲ್ಲೇ ನೂಲನ್ನು ಚೆಲ್ಲಿಬಿಡುತ್ತದೆ. ಆ ಕೆಲಸಕ್ಕೆ ನಂಬಿಕೆಯವರನ್ನು ಮಾತ್ರ ಕರೆಯುತ್ತಾರೆ. ನನ್ನನ್ನು ಕರೆದಿದ್ದಳು. ಆ ವಾರ ನನಗೆ ಜ್ವರವೇ ಬರಲಿಲ್ಲ.

ಆ ವಾರವೇ ಶಿಡ್ಲಘಟ್ಟದಲ್ಲಿ ಪಾನನಿರೋಧದ ಸಭೆ ಏರ್ಪಾಡಾಯಿತು. ಕುಡಿತದ ಕೇಡುಗಳ ಮೇಲೆ ನಾನು ಮಾತಾಡಬೇಕೆಂದು ಅಧ್ಯಕ್ಷರು ಹಟ ಹಿಡಿದರು. ಹುಳು ಹಣ್ಣಾಗುವುದು ಮರುದಿನ ಎಂದು ನನ್ನ ಅಂದಾಜು. ಹೋದೆ. ಮಾತಾಡಿದೆ. ಕೈ ನಡುಗುವುದನ್ನು, ಹೊಟ್ಟೆಯ ಕಲ್ಲನ್ನು, ಬಾಗಿಲು ಮುಂದಕ್ಕೆ ಬರುವುದನ್ನು, ಇದ್ದ ಹಾಗೆ ಹೇಳಿದೆ. ಜನ ಅಲುಗದೆ ಕೇಳಿದರು. ಮೇಷ್ಟ್ರು ಕಣ್ಣಿಂದ ಕಂಡ ಹಾಗೆ ಹೇಳಿದರಲ್ಲ, ಎಷ್ಟು ಓದಿಕೊಂಡಿರಬೇಕು ಎಂದು ಒಬ್ಬರು ಕೊರಳಿಗೆ ಹಾರ ಹಾಕಿದರು.

ಸಭೆಯ ಹಿಂದಿನ ಕೋಣೆಯಲ್ಲಿ ಅಧ್ಯಕ್ಷರು ಔಷಧದ ಸೀಸೆ ತೆಗೆದರು. ನನ್ನ ಗಂಟಲು ಒಣಗಿದೆ ಎಂದರು. ಒಣಗಿತ್ತು. ಮೊದಲು ಔಷಧ ಕುಡಿಯುವ ಸಣ್ಣ ಗಾಜಿನಲ್ಲಿ ಕುಡಿದೆ. ಆಮೇಲೆ ಕಾಫಿ ಲೋಟದಲ್ಲಿ ಒಂದು. ಆಮೇಲೆ ಅದೇ ಲೋಟದಲ್ಲಿ ಇನ್ನೂ ಎರಡು. ಇದು ಅರಿಷ್ಟ, ವೈದ್ಯರು ಬಾಣಂತಿಯರಿಗೂ ಕೊಡುತ್ತಾರೆ ಎಂದು ಪ್ರತಿ ಲೋಟಕ್ಕೂ ನನಗೆ ನಾನೇ ಹೇಳಿಕೊಂಡೆ. ಬಸ್ಸಿಳಿದು ಊರಿಗೆ ನಡೆಯುವಾಗ ಬಾವಿಯ ಹತ್ತಿರ ನಮ್ಮ ಸೀಬೆ ಮರವಿದೆ. ಕೈ ತಾನಾಗಿ ಮೇಲೆ ಹೋಯಿತು. ಐದಾರು ಎಲೆ ಅಗಿದು ಉಗುಳಿದೆ.

ಮನೆಯ ಮುಂದೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಸೆಖೆಗೆ ಹುಳು ಒಂದು ದಿನ ಮೊದಲೇ ಹಣ್ಣಾಗಿತ್ತು. ಹೆಂಡತಿ ಸೆರಗು ಬಿಗಿದು, ತಲೆಗೂದಲು ಕೆದರಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖ ಹಗುರವಾಯಿತು. ಬೇಗ ಬನ್ನಿ, ಒಂದು ಕೈ ಸಾಲದು ಎಂದಳು. ಹತ್ತಿರ ಹೋದೆ. ಅಭ್ಯಾಸದಂತೆ ಉಸಿರು ಬಿಟ್ಟೆ. ಸೀಬೆ ಎಲೆಯ ವಾಸನೆಯೊಂದೇ ಅವಳಿಗೆ ಬಂತು. ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಎದುರು ಜಗಲಿಯಿಂದ ದೊಡ್ಡಪ್ಪ ಕರೆದರು. "ಇಲ್ಲಿ ಬಾಪ್ಪಾ ಒಂದು ಗಳಿಗೆ."

ಹೋಗದೆ ಇರಬಹುದಿತ್ತು. ಹೋದೆ. ಪೇದೆ ಗಲ್ಲ ಹಿಡಿಯಲಿಲ್ಲ, ಮೂರು ಮಾರು ದೂರದಿಂದಲೇ ಅವನ ಮೂಗಿನ ಹೊಳ್ಳೆ ಅಗಲವಾದದ್ದನ್ನು ಕಂಡೆ. ಅವನು ಬೀದಿಯ ಕಡೆ ಮುಖ ತಿರುಗಿಸಿದ. ಅದು ಸಾರಾಯಿಯಲ್ಲ, ಅರಿಷ್ಟ, ಔಷಧ ಎಂದು ನಾನು ಹೇಳಿದೆ. ಅಂಗಡಿಯಲ್ಲಿ ಸಿಗುತ್ತದೆ, ಕಾಯಿದೆಗೂ ಒಪ್ಪಿಗೆ ಇದೆ ಎಂದೆ. ಸಾಕಷ್ಟು ಹೇಳಿದೆ.

ದೊಡ್ಡಪ್ಪ ಎಲ್ಲವನ್ನೂ ಕೇಳಿ ಮೆಲ್ಲಗೆ, "ಔಷಧ ಆದ್ರೆ ಸೀಬೆ ಎಲೆ ಯಾಕಪ್ಪಾ ಅಗಿದೆ?" ಎಂದರು.

ಹಲ್ಲಿನ ಸಂದಿಯಲ್ಲಿ ಉಳಿದಿದ್ದ ಎಲೆಯ ಚೂರನ್ನು ತೆಗೆದು ಉಗುಳಿದೆ.

ಅವರು ನನ್ನ ಹೆಂಡತಿಯನ್ನು ಕೂಗಿ ಹೇಳಬಹುದಿತ್ತು, ಹೇಳಲಿಲ್ಲ. ಬಾಗಿಲು ತೆರೆದೇ ಇತ್ತು. ನಾನು ಬೀದಿಯ ನಡುವೆ ಬಂದು ನಿಂತು, ನಾನು ಒಳಗೆ ಬರುವ ಹಾಗಿಲ್ಲ ಎಂದೆ. ಯಾಕೆ ಎಂದು ಅವಳು ಕೇಳಿದಳು.

"ಕುಡಿದಿದ್ದೀನಿ."

ಒಂಬತ್ತು ವರ್ಷದಲ್ಲಿ ಇದನ್ನು ಅವಳೇ ಕಂಡುಹಿಡಿಯುತ್ತಿದ್ದಳು. ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು. ಅವಳು ನನ್ನ ಕೊರಳಿನ ಹಾರ ನೋಡಿದಳು. ಒಳಗೆ ತಟ್ಟೆಗಳಲ್ಲಿ ಹುಳುಗಳು ಜಾಗ ಹುಡುಕುತ್ತಿದ್ದವು. ಆಗ ದೊಡ್ಡಪ್ಪ ಕೋಲೂರಿ ಎದ್ದರು. "ಅಮ್ಮಯ್ಯಾ, ನಾವು ಮೂರು ಜನ ಖಾಲಿ ಕೂತಿದ್ದೀವಿ. ಬೇಕಾದ್ರೆ ಮೂಸಿ ನೋಡು."

ಗಂಡನ ದೊಡ್ಡಪ್ಪನ ಬಾಯನ್ನು ಮೂಸುವ ಪದ್ಧತಿ ನಮ್ಮ ಕಡೆ ಇಲ್ಲ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸ್ವಂತ ಮನೆಗಳಲ್ಲಿ ಹುಳುಮನೆಗೆ ಸೇರಿಸದ ಆ ಮೂವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಕಾಲು ತೊಳ್ಕೊಂಡು ಬನ್ನಿ, ಮಾವ."

ಕಾಲು ತೊಳೆಯುವುದು ಹುಳುಮನೆಗೆ ಹೋಗುವ ಯಾರಾದರೂ ಮಾಡಬೇಕಾದದ್ದು. ಮೂವರೂ ಕಲ್ಲಿನ ಮೇಲೆ ನಿಂತು, ಮದುವೆ ಮನೆಗೆ ಹೊರಟವರಂತೆ ಹಿಮ್ಮಡಿ ಉಜ್ಜಿಕೊಂಡು ಒಳಗೆ ಹೋದರು. ಹುಳುಗಳನ್ನು ಆರಿಸಿ ತುಂಬಿದ ಚಂದ್ರಿಕೆಗಳನ್ನು ಪೇದೆ ಹೊರಗೆ ತಂದು ಚಪ್ಪರದ ನೆರಳಿಗೆ ಒರಗಿಸುತ್ತಾ ಬಂದ. ನನಗೆ ಒಂದು ಕೋಲು ಕೊಟ್ಟ. ಕಾಗೆ ಓಡಿಸುವ ಕೆಲಸ. ಓಡಿಸಿದೆ.

ಸಂಜೆಗೆ ಅಧ್ಯಕ್ಷರು ಆ ದಾರಿಯಲ್ಲಿ ಬಂದರು. ಭಾಷಣವನ್ನು ಇನ್ನೊಮ್ಮೆ ಹೊಗಳಿ, ಬಾಗಿಲಲ್ಲಿ ಗಾಡಿಯವನನ್ನು ಕಂಡು ಬೆಚ್ಚಿ, ದನಿ ತಗ್ಗಿಸಿದರು. "ಏನ್ ಮೇಷ್ಟ್ರೇ, ನೀವು ತಿಳಿದೋರು. ಹೋಗಿ ಹೋಗಿ ಕುಡುಕರನ್ನ ಹುಳಮನೆಗೆ ಬಿಟ್ಟಿದ್ದೀರಲ್ಲ?" ಅವರು ಕುಡಿದಿಲ್ಲ, ಕುಡಿದಿರುವುದು ನಾನು ಎಂದೆ. ಅಧ್ಯಕ್ಷರು ಬಹಳ ಹೊತ್ತು ನಕ್ಕರು. ಮರುದಿನ ಕಾರ್ಯದರ್ಶಿಯ ಕೆಲಸಕ್ಕೆ ರಾಜೀನಾಮೆ ಬರೆದೆ. ನಡುಕ ಮತ್ತೆ ಬಂದಿದ್ದರೂ ಏನನ್ನೂ ಕುಡಿಯದೆ ಬರೆದ ಸಮಿತಿಯ ಕಾಗದ ಅದೊಂದೇ. ಅಕ್ಷರ ಓದಲಾಗುವುದಿಲ್ಲ ಎಂದು ಅದನ್ನು ತಿರುಗಿ ಕಳಿಸಿದರು. ಮುಂದೆ ಅರವತ್ತರ ದಶಕ ಮುಗಿಯುವ ಮೊದಲು ಕಾಯಿದೆಯೇ ಹೋಗಿ, ಸಾರಾಯಿ ಅಂಗಡಿ ಹರಾಜಿಗೆ ಬಂದಾಗ ನಮ್ಮ ಕಡೆಯ ಅಂಗಡಿಯನ್ನು ಹಿಡಿದವರು ಆ ಅಧ್ಯಕ್ಷರೇ. ಅಷ್ಟು ಹೊತ್ತಿಗೆ ಅವರ ಅಜೀರ್ಣ ವಾಸಿಯಾಗಿತ್ತು.

ಅಂದು ಸಂಜೆ ಕೆಲಸ ಮುಗಿದ ಮೇಲೆ ನನ್ನ ಹೆಂಡತಿ ಆ ಮೂವರಿಗೆ ಒಳಗೆ ಎಲೆ ಹಾಕಿದಳು. ನನ್ನ ತಟ್ಟೆ ಜಗಲಿಗೆ ಬಂತು. ಮುದ್ದೆ ಬಿಸಿಯಾಗಿತ್ತು, ಸಾರೂ ಬಿಸಿಯಾಗಿತ್ತು. ಊಟ ಮುಗಿಸಿ ಅವರು ಈಚೆ ಬಂದು, ಎದುರು ಮನೆಗೆ ಹೋಗದೆ, ನನ್ನ ಎರಡು ಪಕ್ಕದಲ್ಲೂ ಕೂತರು. ನಾನು ಜ್ವರ ಬಂತು ಎಂದು ಹೇಳಿರಲಿಲ್ಲ. ಒಂದನೇ ಜ್ವರದಿಂದ ಶುರು ಎಂದು ದೊಡ್ಡಪ್ಪ ಹೇಳಿದರು, ಅಷ್ಟೆ.

ಗಾಡಿಯವನು ಮುಂದೆ ಎರಡು ಸಲ ಮತ್ತೆ ಕುಡಿತಕ್ಕೆ ಬಿದ್ದ, ಎರಡು ಸಲವೂ ತಾನೇ ಬಂದು ಬಾಯಿ ಒಡ್ಡಿದ. ಪೇದೆ ಒಮ್ಮೆ ಬಿದ್ದು ಮೂರು ವಾರ ನಮ್ಮ ಬೀದಿಗೆ ಬರಲಿಲ್ಲ, ನಾವೇ ಅವನ ಜಗಲಿಗೆ ಹೋಗಿ ಕೂತೆವು. ದೊಡ್ಡಪ್ಪ ಬೀಳಲಿಲ್ಲ. ಬೀಳುವುದಕ್ಕೆ ಈ ವಯಸ್ಸಿನಲ್ಲಿ ಮೊಣಕಾಲು ಒಪ್ಪುವುದಿಲ್ಲ ಎನ್ನುತ್ತಿದ್ದರು.

ಮುಂದಿನ ಬೆಳೆಯಲ್ಲಿ ಹೆಂಡತಿ ನನಗೆ ಕತ್ತಿಯನ್ನೂ ಕೊಡಲಿಲ್ಲ. ಅದರ ಮುಂದಿನದರಲ್ಲಿ ಕೊಟ್ಟಳು. ಅದರ ಮುಂದಿನದು ಹಣ್ಣಾದದ್ದು ಒಂದು ಬೆಳಗಿನ ಹೊತ್ತು, ನಾನು ಶಾಲೆಗೆ ಹೊರಟಿದ್ದೆ. ಅವಳು ಬಾಗಿಲಿಗೆ ಬಂದು ನಿಂತಳು. ನಾನು ಹೊಸ್ತಿಲಿನ ಈಚೆ ನಿಂತು ಬಾಯಿ ತೆರೆದೆ. ಅವಳು ಆಗಲೇ ಒಳಕ್ಕೆ ತಿರುಗಿದ್ದಳು. ತಟ್ಟೆಗಳ ನಡುವಿನಿಂದ ದನಿ ಮಾತ್ರ ಬಂತು.

"ಕಾಲು ತೊಳ್ಕೊಂಡು ಬನ್ನಿ."